ಗಂಜಾಂನಲ್ಲಿ ನಮ್ಮ ಕಡೆಯವರು

ನಮ್ಮ ಕಡೆ ಫ್ಯಾಮಿಲಿ ಟ್ರಿಪ್ ಅಂದ್ರೆ ಮೈಸೂರು. ಮೈಸೂರು ಅಂದ್ರೆ ದಾರಿಯಲ್ಲಿ ಸಿಗೋ ಶ್ರೀರಂಗಪಟ್ಟಣ. ಮಧುಗಿರಿಯಲ್ಲಿ ಬೆಳಗಿನ ಜಾವ ಟಿಟಿ ಹತ್ತಿದರೆ ಕೊರಟಗೆರೆ, ತುಮಕೂರು, ಕುಣಿಗಲ್, ಮದ್ದೂರು ದಾಟಿ ಬಿಸಿಲೇರೋ ಹೊತ್ತಿಗೆ ಕಾವೇರಿ. ಡಬ್ಬಿಯಲ್ಲಿ ಪುಳಿಯೋಗರೆ, ಹಿಂದಿನ ಸೀಟಲ್ಲಿ ವಾಂತಿ ಮಾಡ್ಕೊಳ್ಳೋ ಒಂದು ಮಗು, ಮುಂದೆ ಡ್ರೈವರಿಗೆ ದಾರಿ ಹೇಳೋ ಒಬ್ಬ ದೊಡ್ಡಪ್ಪ. ನೀವೂ ಹೋಗಿರ್ತೀರಿ. ಸಿನಿಮಾ ವಿಮರ್ಶೆ ಮಾಡ್ತೀವಲ್ಲ, ಹಂಗೆ ಈ ಟ್ರಿಪ್ಪನ್ನೂ ಮಾಡಬೇಕು ಅಂತ ನನಗೆ ಬಹಳ ದಿನದ ಆಸೆ. ಇದಕ್ಕೂ ಒಂದು ಸ್ಕ್ರಿಪ್ಟ್ ಇದೆ. ನಾನು ಚಡ್ಡಿ ಹಾಕ್ಕೊಂಡು ಹೋದಾಗಲೂ ಅದೇ, ನನ್ನ ಮಗನನ್ನ ಕರ್ಕೊಂಡು ಹೋದಾಗಲೂ ಅದೇ.

ರಂಗನಾಥಸ್ವಾಮಿ ದರ್ಶನ, ಟಿಪ್ಪು ಬಿದ್ದ ಜಾಗ, ಬೇಯ್ಲಿ ಬಂದೀಖಾನೆ, ದರಿಯಾ ದೌಲತ್, ಗುಂಬಜ್, ಸಂಗಮದಲ್ಲಿ ಊಟ, ಕೊನೆಗೆ ನಿಮಿಷಾಂಬ. ಮೂರೋ ನಾಲ್ಕೋ ಗಂಟೆ. ಆಫೀಸಲ್ಲಿ ಟಾಸ್ಕ್ ಎಳೆದು 'ಡನ್' ಕಾಲಂಗೆ ಹಾಕೋ ಹಂಗೆ. ದೇವಸ್ಥಾನ ಬಿಟ್ಟರೆ ಈ ಪಟ್ಟಿಯ ಬಹುಪಾಲು ಬರೀ ಸಾವು. ಇಲ್ಲಿ ಕೂಡಿಹಾಕಿದರು, ಇಲ್ಲಿ ಬಿದ್ದ, ಇಲ್ಲಿ ಮಲಗಿದ್ದಾನೆ. 1799ರ ಮೇ 4ನೇ ತಾರೀಕು ಒಂದೇ ದಿನ ಈ ಊರು ಬದುಕಿತ್ತೇನೋ ಅನ್ನಿಸಬೇಕು. ಗೈಡ್‌ಗಳಂತೂ ನಮ್ಮ ಹಣೆ, ಟೋಪಿ ನೋಡ್ಕೊಂಡು ಟಿಪ್ಪು ನಾಯಕನೋ ಖಳನಾಯಕನೋ ತೀರ್ಮಾನ ಮಾಡ್ತಾರೆ. ಎರಡು ವರ್ಷನ್ನೂ ಒಬ್ಬರ ಬಾಯಲ್ಲೇ ಕೇಳಿದೀನಿ.

ಇಡೀ ಟ್ರಿಪ್ಪಿನಲ್ಲಿ ನಿಜವಾಗಿ ನಿಂತು ನೋಡಬೇಕಾದ್ದು ದರಿಯಾ ದೌಲತ್ತಿನ ಗೋಡೆ. 1784ರ ಈ ಬೇಸಿಗೆ ಅರಮನೆಯ ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧ ಇದೆ. ಹೈದರ್, ಟಿಪ್ಪು ಸೇರಿ ಕರ್ನಲ್ ಬೇಯ್ಲಿಯ ಪಡೆಯನ್ನ ಹೊಸಕಿಹಾಕಿದ ಯುದ್ಧ. ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಸುತ್ತ ಅವನ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ಮದ್ದಿನ ಗಾಡಿ ಸಿಡಿಯುತ್ತಿದೆ. ಗೆದ್ದವರು ಬರೆಸಿದ ಚಿತ್ರ, ಅಂದ್ರೆ ಶುದ್ಧ ಪ್ರಚಾರ. ನಿಜಾಮನನ್ನು ಗೇಲಿ ಮಾಡೋಕೆ ಹಂದಿ, ಹಸುವನ್ನೂ ಬರೆಸಿದ್ದಾರೆ. ಇವತ್ತಿನ ಮೀಮ್‌ಗೂ ಅದಕ್ಕೂ ವ್ಯತ್ಯಾಸ ಕಮ್ಮಿ. ಆದ್ರೂ ಒಳ್ಳೆ ಚಿತ್ರ. ದೂರ, ಹತ್ತಿರ ಅನ್ನೋ ಲೆಕ್ಕವೇ ಇಲ್ಲದೆ ಗೋಡೆ ತುಂಬ ಒಂದರ ಮೇಲೊಂದು ಸಾಲು, ಉಸಿರಾಡೋಕೆ ಜಾಗ ಇಲ್ಲ. ಯುದ್ಧದೊಳಗೆ ಸಿಕ್ಕಿಕೊಂಡವನಿಗೆ ಹಂಗೇ ಕಾಣುತ್ತೆ ಅನ್ಸುತ್ತೆ. ಟಿಪ್ಪು ಸತ್ತ ಮೇಲೆ ಇದೇ ಮನೆಯಲ್ಲಿ ವಾಸ ಮಾಡಿದ ಆರ್ಥರ್ ವೆಲ್ಲೆಸ್ಲಿ ತನ್ನ ಕಡೆಯವರ ಸೋಲಿನ ಚಿತ್ರವನ್ನ ಅಳಿಸಲಿಲ್ಲ.

ನಮ್ಮತ್ತೆ ಗೋಡೆ ಮುಂದೆ ನಿಂತು, "ಕುದ್ರೆ ಮಕ ಎಲ್ಲಾ ಒಂದೇ ತರ ಐತಲ್ಲೋ, ಅಚ್ಚಾಕ್ದಂಗೆ" ಅಂದರು. ಆ ಚಿತ್ರದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ಮುಂದಕ್ಕೂ ಏನೋ ಹೇಳೋರಿದ್ದರು. ಅಷ್ಟರಲ್ಲಿ "ಗುಂಬಜ್ ಐತೆ, ಬನ್ರವ್ವ, ಬಿಸಿಲಾಗ್ತದೆ" ಅಂತ ಕೂಗು ಬಂತು. ಒಳಗೆ ಫೋಟೊ ತೆಗೆಯಂಗಿಲ್ಲ, ಹಾಗಾಗಿ ಉಳಿದವರಿಗೆ ನಿಲ್ಲೋಕೆ ಕಾರಣವೂ ಇರಲಿಲ್ಲ.

ನನ್ನ ಮುಖ್ಯ ತಕರಾರು ಇನ್ನೂ ಹೇಳಿಲ್ಲ. ಹೈದರ್ ಶಿರಾವನ್ನ ಹಿಡಿದದ್ದು 1761ರಲ್ಲಿ. ಅದಕ್ಕೆ ಮುಂಚೆ ಶಿರಾ ಮೊಘಲರ ಸುಬಾದ ರಾಜಧಾನಿ. ಅಲ್ಲಿ ದಿಲಾವರ್ ಖಾನ್ ಕಟ್ಟಿಸಿದ್ದ ಅರಮನೆಯ ಮಾದರಿಯಲ್ಲೇ ಬೆಂಗಳೂರಿನ, ಶ್ರೀರಂಗಪಟ್ಟಣದ ಅರಮನೆಗಳು ಎದ್ದವು ಅಂತ ಮೈಸೂರಿನ ಹಳೇ ಗೆಜೆಟಿಯರ್ ಹೇಳುತ್ತೆ. ಇನ್ನೊಂದು ವಿಷಯವನ್ನೂ ಅಷ್ಟೇ ತಣ್ಣಗೆ ಹೇಳುತ್ತೆ: ರಾಜಧಾನಿ ಪಕ್ಕ ಶಹರ್ ಗಂಜಾಂ ಅನ್ನೋ ಹೊಸ ಪೇಟೆ ತುಂಬಿಸೋಕೆ ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನ ಬಲವಂತವಾಗಿ ಸಾಗಿಸಿದ. ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಇರಲಿ. ನಾವು ಟಿಟಿಯಲ್ಲಿ ಸೊಂಟ ನೋವು ಅಂತ ಬೈಕೊಂಡು ಹೋಗೋ ಅಷ್ಟು ದೂರವನ್ನ ಅವರು ಮಡಕೆ ಕುಡಿಕೆ, ಮುದುಕರು, ಮಕ್ಕಳನ್ನ ಕಟ್ಕೊಂಡು ಹೋಗಿರಬೇಕು. ಹದಿನೈದಿಪ್ಪತ್ತು ವರ್ಷದೊಳಗೆ ಆ ರಾಜಧಾನಿಯೇ ಬಿತ್ತು, ದರ್ಬಾರು ಮೈಸೂರಿಗೆ ಹೋಯಿತು. ಎರಡು ಊರು ಸೊರಗಿದವು.

ನಮ್ಮ ತಾಲೂಕುಗಳಿಂದ ಹೋಗೋ ಟ್ರಿಪ್ಪಿಗಾದರೂ ಇದು ಮೊದಲ ಮಾತಾಗಬೇಕಿತ್ತು. ಟಿಪ್ಪು ಪರ-ವಿರೋಧ ಅಂತ ವಾಟ್ಸಾಪಲ್ಲಿ ಕಿತ್ತಾಡೋ ನಮ್ಮ ಕಸಿನ್ಸ್ ಗುಂಪಿನಲ್ಲಿ ಒಬ್ಬರೂ ಶಿರಾದ ಹೆಸರು ಎತ್ತಲ್ಲ. ರಾಜರ ಬಗ್ಗೆ ಜಗಳ ಆಡೋದು ಸುಲಭ. ರಾಜರು ಎತ್ತಿ ಇನ್ನೊಂದು ಕಡೆ ಇಟ್ಟ ಜನ ನಮ್ಮ ನೆಂಟರೇ ಇರಬಹುದು ಅಂದ್ಕೊಂಡರೆ ಮಾತೇ ಬೇರೆ ಆಗುತ್ತೆ. 1800ರಲ್ಲಿ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕನನ್ ಶ್ರೀರಂಗಪಟ್ಟಣವನ್ನೂ ನೋಡಿದ, ಶಿರಾ, ಮಧುಗಿರಿಗೂ ಬಂದ. ಅವನು ಬಂದದ್ದು ಕಂಪನಿಯ ಲಾಭಕ್ಕೇ. ಆದ್ರೂ ಹೋದಲ್ಲೆಲ್ಲ ಏನು ಬಿತ್ತುತ್ತೀರಿ, ಏನು ನೇಯ್ತೀರಿ, ಕೂಲಿ ಎಷ್ಟು ಅಂತ ಕೇಳಿ ಬರೆದುಕೊಂಡ. ನಾವು ಸ್ವಂತ ದುಡ್ಡಲ್ಲಿ ಹೋಗಿ ಪಾರ್ಕಿಂಗ್ ಎಷ್ಟು ಅಂತ ಕೇಳಿ ಬರ್ತೀವಿ.

ಸ್ಕ್ರಿಪ್ಟ್ ತಿದ್ದೋದು ಕಷ್ಟ ಏನಲ್ಲ. ಹಿಂದಿನ ಭಾನುವಾರವೇ ಶಿರಾಕ್ಕೆ ಹೋಗಿ ಕೋಟೆ, ಮಲಿಕ್ ರಿಹಾನ್ ಗೋರಿ ನೋಡ್ಕೊಂಡು ಬನ್ನಿ. ಶ್ರೀರಂಗಪಟ್ಟಣದಲ್ಲಿ ಬಂದೀಖಾನೆ ಕೈಬಿಡಿ. ನಿಮಿಷಾಂಬನ್ನ ಬಿಡೋದೇನೂ ಬೇಡ, ಆ ದೇವಸ್ಥಾನ ಇರೋದೂ ಗಂಜಾಂನಲ್ಲೇ. ದರ್ಶನ ಮುಗಿಸಿ ಚಪ್ಪಲಿ ಮೆಟ್ಟಿಕೊಂಡ ಮೇಲೆ ಸೀದಾ ಟಿಟಿ ಹತ್ತದೆ, ಊರೊಳಗೆ ಅರ್ಧ ಗಂಟೆ ನಡೀರಿ.