ಮೇಣದಬತ್ತಿಯ ಸುಳ್ಳುಸಾಕ್ಷಿ

ಚಿತ್ರದುರ್ಗದ ಆಗ್ನೇಯಕ್ಕೆ, ಹಿರಿಯೂರಿನ ದಿಕ್ಕಿನಲ್ಲಿರುವ ಮರಡಿಹಳ್ಳಿಯ ಬಳಿ ದಿಂಬು ಪೇರಿಸಿಟ್ಟಂತೆ ಕಾಣುವ ಕಲ್ಲುಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ, ನೀರು ತಾಕಿದ ಕೂಡಲೇ ಹೊರಮೈ ಬಿಗಿದು, ಒಳಗಿನ ಬಿಸಿ ಇನ್ನೊಂದು ಉಂಡೆಯನ್ನು ಹೊರದೂಡಿ, ಒಂದರ ಮೇಲೊಂದು ಕೂತ ಗುರುತು ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಫೆಬ್ರವರಿ 28ರ ವಿಜ್ಞಾನ ದಿನದ ವಸ್ತುಪ್ರದರ್ಶನಗಳಲ್ಲಿ ಕಾಣಸಿಗುವ ಜ್ವಾಲಾಮುಖಿಯೇ ಬೇರೆ. ಜೇಡಿಮಣ್ಣಿನ ಗೋಪುರ, ಅದರ ಬಾಯಲ್ಲಿ ಅಡುಗೆ ಸೋಡಾ, ಮೇಲಿಂದ ಕುಂಕುಮ ಕದಡಿದ ವಿನೆಗರ್, ಬುಸ್ಸೆಂದು ನೊರೆ, ಚಪ್ಪಾಳೆ. ನೊರೆಯನ್ನು ಮುಟ್ಟಿದರೆ ತಣ್ಣಗಿರುತ್ತದೆ, ಏಕೆಂದರೆ ಸೋಡಾ ಮತ್ತು ವಿನೆಗರ್ ಕೂಡಿದಾಗ ಶಾಖ ಒಳಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಸಾವಿರ ಡಿಗ್ರಿಯ ಕರಗಿದ ಕಲ್ಲಿನ ಕಥೆಯನ್ನು ತಣ್ಣನೆಯ ನೊರೆ ಹೇಳುತ್ತದೆ.

ವಿಜ್ಞಾನದ ಪಾಠಕ್ಕೆ ಬಗೆಬಗೆಯ ಪಾಠೋಪಕರಣ ಬೇಕು ಎಂಬ ಮಾತಿಗೆ ಇಂದು ವೇದವಾಕ್ಯದ ಗೌರವವಿದೆ. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್‌ನಿಂದ ನಲಿ-ಕಲಿಯ ಕಾರ್ಡುಗಳವರೆಗೆ, ಅಲ್ಲಿಂದ ಸ್ಮಾರ್ಟ್ ಕ್ಲಾಸಿನ ಪರದೆಯವರೆಗೆ ಈ ಮಾತು ನಡೆದುಬಂದ ದಾರಿ ಶಾಲೆಯ ಸಂಪರ್ಕವಿರುವ ಯಾರಿಗೂ ಹೊಸದಲ್ಲ. ಚಾರ್ಟು, ಥರ್ಮಾಕೋಲ್ ಮಾದರಿ, ಮಿಂಚುಪಟ್ಟಿ, ವಿಡಿಯೊ, ಕಿಟ್ಟು ಎಲ್ಲವೂ ಇದ್ದ ಪಾಠ ‘ಉತ್ತಮ’, ಇಲ್ಲದ್ದು ‘ಸಾಂಪ್ರದಾಯಿಕ’. ಈ ಗೌರವ ಅಳತೆ ಮೀರಿದ್ದು. ಉಪಕರಣಗಳನ್ನು ಎಣಿಸುವ ಭರದಲ್ಲಿ ಅವು ಹೇಳುತ್ತಿರುವುದೇನು ಎಂದು ಕೇಳುವುದನ್ನೇ ಶಿಕ್ಷಣ ವಲಯ ಮರೆತಿದೆ.

ಒಂದೇ ಪ್ರಯೋಗವನ್ನು ಹಿಡಿದು ನೋಡಿದರೆ ಸಾಕು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. ‘ನೋಡಿ ಮಕ್ಕಳೇ, ಆಮ್ಲಜನಕ ಉರಿದುಹೋಯಿತು, ಆ ಜಾಗಕ್ಕೆ ನೀರು ಬಂತು, ಗಾಳಿಯ ಐದನೇ ಒಂದು ಭಾಗ ಆಮ್ಲಜನಕ.’ ಗಾಳಿಯ ಪಾಠಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಚೆಂದದ ಉಪಕರಣವಿಲ್ಲ. ಸಾಮಗ್ರಿಯೆಲ್ಲ ಮನೆಯದೇ, ಮಕ್ಕಳೇ ಮಾಡಬಹುದು, ಕಣ್ಣಿಗೂ ಹಬ್ಬ. ಮಾದರಿ ಪಾಠಕ್ಕೆ ಬೇಕಾದ ಸಕಲ ಲಕ್ಷಣಗಳೂ ಇವೆ. ವಿವರಣೆಯೊಂದು ಮಾತ್ರ ತಪ್ಪು.

ಎಲ್ಲಿ ತಪ್ಪು? ಮೊದಲು ಲೆಕ್ಕ ನೋಡೋಣ. ಉರಿದ ಆಮ್ಲಜನಕ ಮಾಯವಾಗುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತದೆ. ನೀರಾವಿ ತಣ್ಣಗಾಗಿ ಹನಿಯಾದೀತು. ಆದರೆ ಮೇಣ ಉರಿದಾಗ ಬಳಕೆಯಾದ ಆಮ್ಲಜನಕದ ಗಾತ್ರದ ಸುಮಾರು ಮೂರನೇ ಎರಡು ಪಾಲಿನಷ್ಟು ಇಂಗಾಲದ ಡೈಆಕ್ಸೈಡ್ ಲೋಟದಲ್ಲೇ ಉಳಿಯುತ್ತದೆ. ಅದು ನೀರಿನಲ್ಲಿ ಕರಗುವುದೇನೋ ನಿಜ, ಆದರೆ ಅರೆ ನಿಮಿಷದಲ್ಲಿ ಕರಗಿ ಮುಗಿಯುವಷ್ಟು ಅವಸರ ಅದಕ್ಕಿಲ್ಲ. ಇನ್ನೂ ದೊಡ್ಡ ತೊಡಕೆಂದರೆ, ಬತ್ತಿ ಆರುವುದು ಆಮ್ಲಜನಕ ಪೂರ್ತಿ ತೀರಿದ ಮೇಲಲ್ಲ. ಗಾಳಿಯಲ್ಲಿ ಶೇ. 21ರಷ್ಟಿದ್ದದ್ದು ಹೆಚ್ಚುಕಡಿಮೆ ಶೇ. 16ಕ್ಕೆ ಇಳಿದಾಗಲೇ ಜ್ವಾಲೆ ಸೋಲುತ್ತದೆ. ಈ ಎರಡನ್ನೂ ಕೂಡಿಸಿದರೆ ನೀರು ಲೋಟದ ನೂರರಲ್ಲಿ ಎರಡು ಪಾಲು ಏರಿದರೆ ಹೆಚ್ಚು. ಏರುವುದು ಮಾತ್ರ ಅದರ ಎಷ್ಟೋ ಪಟ್ಟು.

ಹಾಗಾದರೆ ಏರಿಸುವುದು ಯಾವುದು? ಕಾವು. ಲೋಟವನ್ನು ಬತ್ತಿಯ ಮೇಲೆ ಇಳಿಸುವಾಗಲೇ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ, ಒಂದಿಷ್ಟು ಅಂಚಿನಡಿಯಿಂದ ಗುಳ್ಳೆಯಾಗಿ ಹೊರಬೀಳುತ್ತದೆ. ಜ್ವಾಲೆ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಇದಕ್ಕೆ ಸಾಕ್ಷಿ ತರಗತಿಯ ಕಣ್ಣೆದುರಿಗೇ ಇದೆ: ಬತ್ತಿ ಉರಿಯುತ್ತಿರುವಾಗ ನೀರು ಹೆಚ್ಚು ಕದಲುವುದಿಲ್ಲ, ಆರಿದ ಗಳಿಗೆಯಲ್ಲಿ ಸರ್ರನೆ ಏರುತ್ತದೆ. ಆಮ್ಲಜನಕ ಖರ್ಚಾದದ್ದೇ ಕಾರಣವಾಗಿದ್ದರೆ ಉರಿಯುವಾಗಲೇ ನಿಧಾನವಾಗಿ ಏರಬೇಕಿತ್ತಲ್ಲ? ನಲವತ್ತು ಜೋಡಿ ಕಣ್ಣು ಅದನ್ನು ನೋಡುತ್ತವೆ. ಉತ್ತರ ಮೊದಲೇ ಹಲಗೆಯ ಮೇಲಿರುವುದರಿಂದ ಯಾರಿಗೂ ಕಾಣುವುದಿಲ್ಲ.

ಒಂದು ಬತ್ತಿಯ ಜಾಗದಲ್ಲಿ ಮೂರು ಬತ್ತಿ ಹಚ್ಚಿ, ಅದೇ ಲೋಟವನ್ನು ಬೋರಲು ಹಾಕಿದರೆ ಇಡೀ ಕಥೆ ಕುಸಿಯುತ್ತದೆ. ಲೋಟದೊಳಗಿನ ಆಮ್ಲಜನಕ ಅಷ್ಟೇ ಇದ್ದರೂ ನೀರು ಮೊದಲಿಗಿಂತ ಹೆಚ್ಚು ಏರುತ್ತದೆ. ಎರಡು ಮೇಣದಬತ್ತಿಯ ಹೆಚ್ಚುವರಿ ಖರ್ಚಿನಲ್ಲಿ ಪಾಠ ಪರೀಕ್ಷೆಗೆ ಒಳಗಾಗುತ್ತದೆ, ಶಿಕ್ಷಕರ ಮಾತಿಗೆ ವಸ್ತುವೇ ‘ಇಲ್ಲ’ ಎನ್ನುತ್ತದೆ. ವಿಜ್ಞಾನದ ಪಾಠದಲ್ಲಿ ಉಪಕರಣಕ್ಕಿರುವ ಕೆಲಸ ಇದೊಂದೇ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಚಾರ್ಟು ಗೋಡೆಗೆ ಅಲಂಕಾರವಾದೀತು, ಸಾಕ್ಷಿಯಾಗದು.

ಐದನೇ ಒಂದು ಭಾಗ ಎಂಬುದು ಸುಳ್ಳಲ್ಲ, ಅದನ್ನು ತೋರಿಸುವ ದಾರಿ ಬೇರೆಯಿದೆ. 18ನೇ ಶತಮಾನದಲ್ಲಿ ರಸಾಯನಶಾಸ್ತ್ರಜ್ಞ ಲಾವೊಸಿಯೆ ಪಾದರಸವನ್ನು 12 ದಿನ ಕಾಯಿಸುತ್ತ ಕೂತ. ಹೊಳಲ್ಕೆರೆಯ ಶಾಲೆಗೆ ಪಾದರಸವೂ ಬೇಡ, ಬೆಂಕಿಯೂ ಬೇಡ. ಲೇತ್ ಅಂಗಡಿಯ ಮುಂದೆ ಬಿದ್ದಿರುವ ಕಬ್ಬಿಣದ ಹುಡಿಯನ್ನು ಸೋಪಿನ ನೀರಲ್ಲಿ ತೊಳೆದು ಎಣ್ಣೆ ತೆಗೆದು, ಒದ್ದೆಯಾಗಿಯೇ ಉದ್ದನೆಯ ಬಾಟಲಿಯ ಒಳಮೈಗೆ ಅಂಟಿಸಿ, ನೀರಿನ ತಟ್ಟೆಯಲ್ಲಿ ಬೋರಲು ನಿಲ್ಲಿಸಿದರಾಯಿತು. ತುಕ್ಕು ಆಮ್ಲಜನಕವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಬದಲಿಗೆ ಯಾವ ಅನಿಲವನ್ನೂ ಬಿಡುವುದಿಲ್ಲ. ಕೆಲವು ದಿನಗಳಲ್ಲಿ ನೀರು ಸುಮಾರು ಐದನೇ ಒಂದು ಭಾಗಕ್ಕೆ ಏರಿ ನಿಲ್ಲುತ್ತದೆ. (ಪಾತ್ರೆ ಉಜ್ಜುವ ಸ್ಟೀಲ್ ನಾರು ಹಾಕಿ ಕಾದು ಕೂತವರು ನಿರಾಶರಾಗುತ್ತಾರೆ, ಹೆಚ್ಚಿನವು ತುಕ್ಕು ಹಿಡಿಯದ ಉಕ್ಕಿನವು.) ಆದರೆ ನಲವತ್ತು ನಿಮಿಷದ ಅವಧಿಯಲ್ಲಿ ಇದು ಮುಗಿಯುವುದಿಲ್ಲ, ಪಾಠ ವೀಕ್ಷಣೆಗೆ ಬಂದವರ ಮುಂದೆ ಏನೂ ಬುಸುಗುಡುವುದಿಲ್ಲ. ಮೇಣದಬತ್ತಿ ಗೆದ್ದದ್ದು ಅಲ್ಲಿಯೇ.

ಇಷ್ಟು ಹೇಳಿದರೆ ತರಬೇತಿ ವಲಯದಿಂದ ಬರುವ ಮೊದಲ ಆಕ್ಷೇಪಣೆ ಶೇಕಡಾವಾರಿನದು. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30, ಮಾಡಿದ್ದರಲ್ಲಿ ಶೇ. 90 ನೆನಪುಳಿಯುತ್ತದೆ, ಆದ್ದರಿಂದ ಉಪಕರಣ ಹೆಚ್ಚಿದಷ್ಟೂ ಕಲಿಕೆ ಹೆಚ್ಚು ಎಂಬ ವಾದ. ಜೊತೆಗೆ ಶಿಕ್ಷಣತಜ್ಞ ಎಡ್ಗರ್ ಡೇಲ್‌ನ ‘ಅನುಭವದ ಶಂಕು’ವಿನ ಚಿತ್ರ. ಡೇಲ್ ಆ ಶಂಕುವನ್ನು ಪ್ರಕಟಿಸಿದ್ದು 1946ರಲ್ಲಿ. ಅದರಲ್ಲಿ ಒಂದೇ ಒಂದು ಶೇಕಡಾವಾರು ಅಂಕಿಯಿರಲಿಲ್ಲ. ಅಂಕಿಗಳನ್ನು ಆಮೇಲೆ ಯಾರೋ ಅಂಟಿಸಿದರು, ಅವುಗಳ ಹಿಂದೆ ಯಾವ ಸಂಶೋಧನೆಯೂ ಇಲ್ಲ. ಅಳೆದು ಬಂದ ಅಂಕಿಗಳು ಹೀಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ಸೊನ್ನೆಗೆ ಮುಗಿಯುತ್ತವೆಯೇ ಎಂಬ ಅನುಮಾನವಾದರೂ ಬರಬೇಕಿತ್ತು. ವಿಜ್ಞಾನ ಕಲಿಸುವವರಿಗೆ ತರಬೇತಿ ಕೊಡುವವರೇ ಅಂಕಿಯ ಮೂಲ ಕೇಳದಿದ್ದರೆ, ಆರನೇ ತರಗತಿಯ ಹುಡುಗಿ ಮೇಣದಬತ್ತಿಯ ಮೂಲ ಕೇಳಲಿ ಎಂದು ನಿರೀಕ್ಷಿಸುವುದು ಯಾವ ನ್ಯಾಯ?

ಎರಡನೆಯ ಆಕ್ಷೇಪಣೆ: ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಆದ್ದರಿಂದ ವೈವಿಧ್ಯ ಬೇಕು. ಈ ನಂಬಿಕೆಗೆ ಸಾಕಷ್ಟು ಆಧಾರವಿಲ್ಲವೆಂದು ಮನೋವಿಜ್ಞಾನಿ ಪ್ಯಾಶ್ಲರ್ ಮತ್ತು ಸಂಗಡಿಗರ ಸಮೀಕ್ಷೆ 2008ರಲ್ಲೇ ಹೇಳಿದೆ. ಇನ್ನು ‘ಚಾಕ್‌ಪೀಸ್ ಇದ್ದರೆ ಸಾಕು, ನಾವೆಲ್ಲ ಹಾಗೇ ಕಲಿಯಲಿಲ್ಲವೇ’ ಎನ್ನುವ ಹಳೆಯ ಕಾಲದ ಮೇಷ್ಟ್ರುಗಳ ಬಣವೊಂದಿದೆ. ಅವರು ಈ ಲೇಖನವನ್ನು ತಮ್ಮ ಪರವೆಂದು ಭಾವಿಸಬಾರದು. ಬಾಯಿಪಾಠದ ಮೇಣದಬತ್ತಿ ಉರಿಯುವ ಮೇಣದಬತ್ತಿಗಿಂತ ಕೆಟ್ಟದ್ದು, ಅದು ಸುಳ್ಳು ಹೇಳಿದರೂ ಸಿಕ್ಕಿಬೀಳುವುದಿಲ್ಲ.

ವಸ್ತುಗಳನ್ನು ನೆಚ್ಚಿ ನಡೆದ ನಿಜವಾದ ಪ್ರಯತ್ನ ನೋಡಬೇಕೆಂದರೆ ಮಧ್ಯಪ್ರದೇಶದ ಹೋಶಂಗಾಬಾದಿನ ಕಡೆ ತಿರುಗಬೇಕು. 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ಅಲ್ಲಿನ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲೂ ಕಿಟ್ಟುಗಳಿದ್ದವು. ವ್ಯತ್ಯಾಸ ಪುಸ್ತಕದಲ್ಲಿತ್ತು: ಅದರಲ್ಲಿ ಪ್ರಶ್ನೆಗಳಿದ್ದವು, ಉತ್ತರ ಮಕ್ಕಳೇ ಮಾಡಿ ಕಂಡುಕೊಳ್ಳಬೇಕಿತ್ತು. ಪರೀಕ್ಷೆಗೂ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು, ಪ್ರಯೋಗಕ್ಕೂ ಅಂಕವಿತ್ತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ನಮ್ಮಲ್ಲಿ ಕಿಟ್ಟಿನ ಆಲೋಚನೆ ಬಂತು, ಉತ್ತರವಿಲ್ಲದ ಪುಸ್ತಕದ ಧೈರ್ಯ ಬರಲಿಲ್ಲ.

ಹಾಗೆಂದು ಶಿಕ್ಷಕರನ್ನೇ ದೂರುವುದು ಅನ್ಯಾಯ. ದಾಖಲೆ ತುಂಬುವುದು, ಬಿಸಿಯೂಟದ ಲೆಕ್ಕ, ಸಮೀಕ್ಷೆ ಎಲ್ಲದರ ನಡುವೆ ರಾತ್ರಿ ಕೂತು ಥರ್ಮಾಕೋಲ್ ಕತ್ತರಿಸುವವರು ಅವರೇ. ಆ ಶ್ರಮ ಇನ್ನೂ ಕಡಿಮೆಯಾಗಬಹುದಿತ್ತು ಎಂಬುದಷ್ಟೇ ತಕರಾರು. ಬಣ್ಣ ಬಳಿದ ಥರ್ಮಾಕೋಲ್ ಸೌರವ್ಯೂಹದಲ್ಲಿ ಸೂರ್ಯ ಕ್ರಿಕೆಟ್ ಚೆಂಡು, ಭೂಮಿ ನಿಂಬೆಹಣ್ಣು, ಎರಡರ ನಡುವೆ ಒಂದು ಗೇಣು. ಹೊಸದುರ್ಗದ ಕಡೆ ತೆಂಗಿಗೂ ರಾಗಿಗೂ ಬರವಿಲ್ಲ. 14 ಸೆಂ.ಮೀ. ಅಡ್ಡಳತೆಯ ತೆಂಗಿನಕಾಯಿ ಸೂರ್ಯನಾದರೆ ಭೂಮಿ ಒಂದು ರಾಗಿಕಾಳು, ಅದನ್ನು ಇಡಬೇಕಾದದ್ದು 15 ಮೀಟರ್ ಆಚೆ. ಚಂದ್ರ ಆ ಕಾಳಿನಿಂದ ಸುಮಾರು 4 ಸೆಂ.ಮೀ. ದೂರದಲ್ಲಿ ಒಂದು ಚುಕ್ಕೆ. ನೆಪ್ಚೂನ್ ಹಿಡಿದ ಹುಡುಗ ಶಾಲೆಯ ಗೇಟು ದಾಟಿ 450 ಮೀಟರ್ ನಡೆಯಬೇಕು. ಪ್ರದರ್ಶನದ ಮೇಜಿನ ಮೇಲೆ ಇದು ಹಿಡಿಸುವುದಿಲ್ಲ, ಹಿಡಿಸದಿರುವುದೇ ಪಾಠ.

ಮೂರು ತೂತಿನ ನೀರಿನ ಬಾಟಲಿಗೂ ಇದೇ ಗತಿ. ವಾಣಿವಿಲಾಸ ಸಾಗರದ ಅಣೆಕಟ್ಟಿನ ಗೋಡೆ ಬುಡದಲ್ಲಿ ಏಕೆ ದಪ್ಪ ಎಂದು ವಿವರಿಸಲು ಬಳಸುವ ಈ ಉಪಕರಣದ ಚಿತ್ರದಲ್ಲಿ ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ದೂರ ಚಿಮ್ಮುತ್ತದೆ. ಬಾಟಲಿಯನ್ನು ನೆಲದ ಮೇಲಿಟ್ಟು ನೋಡಿದರೆ ದೂರ ಹೋಗುವುದು ನಡುವಿನ ತೂತಿನದು. ಕೆಳಗಿನದರ ವೇಗವೇನೋ ಹೆಚ್ಚು, ಆದರೆ ಅದಕ್ಕೆ ಬೀಳಲು ಸಮಯವೇ ಸಿಗುವುದಿಲ್ಲ. ಬಾಟಲಿಯನ್ನು ಎತ್ತರದ ಸ್ಟೂಲಿನ ಮೇಲಿಟ್ಟರೆ ಫಲಿತಾಂಶ ತಿರುಗಿಬೀಳುತ್ತದೆ. ಎಷ್ಟು ಸೊಗಸಾದ ಜಗಳ! ಚಿತ್ರ ಬಿಡಿಸಿದವರು ಬಾಟಲಿಗೆ ನೀರು ತುಂಬಿ ನೋಡಿದ್ದರೆ ಅದು ಮಕ್ಕಳ ಪಾಲಿಗೂ ದಕ್ಕುತ್ತಿತ್ತು.

ಪಾಠ ವೀಕ್ಷಣೆಗೆ ಹೋಗುವವರಲ್ಲಿ ಒಂದು ಕೋರಿಕೆ. ಗೋಡೆಯ ಮೇಲಿನ ಚಾರ್ಟುಗಳನ್ನು ಎಣಿಸುವ ಮೊದಲು ಜೇಬಿನಲ್ಲಿ ಎರಡು ಮೇಣದಬತ್ತಿ ಹೆಚ್ಚಿಗೆ ಒಯ್ಯಿರಿ. ಗಾಳಿಯ ಪಾಠ ನಡೆಯುತ್ತಿದ್ದರೆ ಅವನ್ನು ಶಿಕ್ಷಕರ ಕೈಗೆ ಕೊಟ್ಟು, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತುಕೊಳ್ಳಿ.