ಬಾಲಕ್ಕೆ ಬಿದ್ದವನ ಬಾಕಿ

ನಮ್ಮ ಹಿರೇಕೆರೂರು ಕಡೆ ಸೈಕಲ್ ಶರ್ಯತ್ತು ಅಂದರೆ ನೆಟ್ಟಗಿನ ರಸ್ತೆ. ಜಾತ್ರಾ ಕಮಿಟಿಯವರು ಅಗಸಿಯ ಮುಂದೆ ನಿಶಾನೆ ಬೀಸುತ್ತಾರೆ. ಹುಡುಗರು ಹತ್ತು ಹನ್ನೆರಡು ಕಿಲೋಮೀಟರ್ ಹೋಗಿ ಯಾವುದೋ ಕ್ರಾಸಿನಲ್ಲಿಟ್ಟ ಡ್ರಮ್ಮು ಸುತ್ತಿ ವಾಪಸ್ಸು ಬರುತ್ತಾರೆ. ನೋಡಲು ನಿಂತವರ ಪಾಲಿಗೆ ಹೊರಟಾಗಿನ ಧೂಳು, ಮುಗಿಸುವಾಗಿನ ಕೇಕೆ, ಅಷ್ಟೇ. ನಡುವೆ ಯಾರು ಯಾರನ್ನು ಹೇಗೆ ಬಿಟ್ಟು ಬಂದರು ಅನ್ನುವುದು ಹಿಂದೆ ಬೈಕಿನಲ್ಲಿ ಹೋದವರು ಹೇಳಿದ ಕಥೆ. ಅವರೂ ತಮ್ಮ ಓಣಿಯ ಹುಡುಗನ ಪರವಾಗಿಯೇ ಹೇಳುತ್ತಾರೆ.

ಕ್ರಿಟೇರಿಯಂನಲ್ಲಿ ಈ ಕಥೆಗಾರರಿಗೆ ಕೆಲಸವಿಲ್ಲ. ವಾಹನ ತಡೆದ ಬೀದಿಗಳಲ್ಲೇ ಒಂದು ಚಿಕ್ಕ ಸುತ್ತು ಗುರುತಿಸಿ, ಅದನ್ನೇ ಮತ್ತೆ ಮತ್ತೆ ಸುತ್ತುವ ಓಟ ಇದು. ಅಂತರರಾಷ್ಟ್ರೀಯ ನಿಯಮದಂತೆ ಸುತ್ತು 800 ಮೀಟರಿನಿಂದ 10 ಕಿಲೋಮೀಟರ್ ವರೆಗೆ ಇರಬಹುದು. ಹವ್ಯಾಸಿಗಳ ಓಟದಲ್ಲಿ ಒಂದೆರಡು ಕಿಲೋಮೀಟರ್ ಇದ್ದರೆ ಹೆಚ್ಚು. ಬೆಂಗಳೂರಿನಲ್ಲಿ ಬಿಬಿಸಿಎಚ್, ಅಂದರೆ ಬೆಂಗಳೂರು ಬೈಸಿಕಲ್ ಚಾಂಪಿಯನ್‌ಷಿಪ್ಸ್, ಎಂಬ ಹವ್ಯಾಸಿ ಸರಣಿಯವರು ಇಂಥ ಓಟಗಳನ್ನು ನಡೆಸಿಕೊಂಡು ಬಂದಿದ್ದಾರೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುವವರು ಭಾನುವಾರ ನಸುಕಿನಲ್ಲಿ ಬೆನ್ನಿಗೆ ನಂಬರು ಹಚ್ಚಿಕೊಂಡು ಬರುತ್ತಾರೆ. ಒಂದು ಮೂಲೆ ಹಿಡಿದು ನಿಂತರೆ ಅದೇ ಗುಂಪು ಇಪ್ಪತ್ತು ಸಲ ಕಣ್ಣ ಮುಂದೆ ಹಾಯುತ್ತದೆ, ಪ್ರತಿ ಸಲ ಅದರ ಆಕಾರ ಬೇರೆ. ಓಟದ ಒಳಗಿನ ರಾಜಕೀಯವೆಲ್ಲ ಬಯಲು.

ಹೊಸದಾಗಿ ಇಳಿದವನು ಕೇಳುವ ಮೊದಲ ಬುದ್ಧಿಮಾತು 'ಮುಂದೆ ಇರು' ಅಂತ. ಯಾಕೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಗುಂಪಿನ ನಡುವೆ ಗಾಳಿ ಮರೆಯಿದೆಯಲ್ಲ, ಹಿಂದೆ ಕೂತು ಕಾಲು ಉಳಿಸಿಕೊಳ್ಳೋಣ ಎಂಬ ಅವನ ಲೆಕ್ಕ ಮೇಲ್ನೋಟಕ್ಕೆ ಸರಿಯೇ. ನೆದರ್ಲೆಂಡ್ಸಿನ ಐಂಡ್‌ಹೋವನ್ ವಿಶ್ವವಿದ್ಯಾಲಯದ ಬರ್ಟ್ ಬ್ಲಾಕನ್ ಮತ್ತು ಸಂಗಡಿಗರು 2018ರಲ್ಲಿ 121 ಸವಾರರ ಗುಂಪಿನ ಗಾಳಿ ಲೆಕ್ಕ ಹಾಕಿದ್ದರು. ಒಬ್ಬನೇ ತುಳಿಯುವವನಿಗೆ ತಾಗುವ ಗಾಳಿಯ ತಡೆಯಲ್ಲಿ ಗುಂಪಿನ ಹೊಟ್ಟೆಯೊಳಗೆ ಕೂತವನಿಗೆ ತಾಗುವುದು ನೂರಕ್ಕೆ ಐದರಿಂದ ಹತ್ತು ಪಾಲು ಮಾತ್ರ ಎಂದು ಬಂತು. ಮಳೆಗಾಲದಲ್ಲಿ ಹಂಸಭಾವಿ ಕಡೆಯಿಂದ ಚಿಕ್ಕೇರೂರಿಗೆ ಪಡುವಣ ಗಾಳಿಗೆ ಎದೆ ಕೊಟ್ಟು ತುಳಿದವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಆದರೆ ಆ ಲೆಕ್ಕ ನೇರ ರಸ್ತೆಯದ್ದು. ಕ್ರಿಟೇರಿಯಂನಲ್ಲಿ ಮೂಲೆಗಳಿವೆ, ಲೆಕ್ಕ ತಲೆಕೆಳಗಾಗುವುದು ಅಲ್ಲೇ. ಮುಂದಿನ ನಾಲ್ಕೈದು ಜನ ತಮಗೆ ಬೇಕಾದ ಗೆರೆ ಹಿಡಿದು ಗಂಟೆಗೆ 35 ಕಿಲೋಮೀಟರ್ ವೇಗದಲ್ಲೇ ತಿರುಗುತ್ತಾರೆ. ಅವರ ಹಿಂದಿನವನು ಚೂರು ಬ್ರೇಕ್ ಮುಟ್ಟುತ್ತಾನೆ, ಅವನ ಹಿಂದಿನವನು ಇನ್ನಷ್ಟು. ನಲವತ್ತನೆಯವನ ಹೊತ್ತಿಗೆ ವೇಗ 25ಕ್ಕೆ ಇಳಿದಿರುತ್ತದೆ. ಅಷ್ಟರಲ್ಲಿ ಮುಂದಿನವರು ನೇರ ರಸ್ತೆಗೆ ಬಿದ್ದು 42ಕ್ಕೆ ಏರಿಸಿರುತ್ತಾರೆ. ಸೈಕಲ್ಲೂ ಸವಾರನೂ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. 35ರಿಂದ 42ಕ್ಕೆ ಏರಲು ಸುಮಾರು 1,660 ಜೂಲ್ ಶಕ್ತಿ ಬೇಕು, 25ರಿಂದ 42ಕ್ಕೆ ಏರಲು 3,500 ಜೂಲ್. ಎರಡು ಪಟ್ಟಿಗಿಂತ ಹೆಚ್ಚು. ನಾಲ್ಕು ಮೂಲೆಗಳ 1.2 ಕಿಲೋಮೀಟರ್ ಸುತ್ತನ್ನು 40 ನಿಮಿಷದಲ್ಲಿ 22 ಸಲ ಹಾಕಿದರೆ 88 ಮೂಲೆ. ಬಾಲಕ್ಕೆ ಬಿದ್ದವನು ಈ ಬಾಕಿಯನ್ನು 88 ಸಲ ತೀರಿಸಬೇಕು, ಅದೂ ಬಡ್ಡಿ ಸಮೇತ, ಯಾಕೆಂದರೆ ಅವನ ಮುಂದೆ ಯಾರಾದರೊಬ್ಬ ಸೋತು ಜಾಗ ಬಿಟ್ಟರೆ ಆ ಸಂದು ತುಂಬುವ ಕೆಲಸವೂ ಅವನದೇ.

ಹಾಗಾಗಿ ಕ್ರಿಟೇರಿಯಂನಲ್ಲಿ ಬಲ ಎಷ್ಟಿದೆ ಅನ್ನುವುದು ಎರಡನೆಯ ಮಾತು. ಎಷ್ಟನೆಯ ಚಕ್ರದಲ್ಲಿದ್ದೀಯ ಅನ್ನುವುದು ಮೊದಲ ಮಾತು. ಐದರಿಂದ ಹದಿನೈದರ ಒಳಗೆ ಇದ್ದವನಿಗೆ ಗಾಳಿ ಮರೆಯೂ ಉಂಟು, ಮೂಲೆಯ ದಂಡವೂ ಕಡಿಮೆ. ಆ ಜಾಗ ಎಲ್ಲರಿಗೂ ಬೇಕು, ಆದ್ದರಿಂದ ಸುಮ್ಮನೆ ಕೂತರೆ ಉಳಿಯುವುದಿಲ್ಲ. ಎರಡೂ ಬದಿಯಿಂದ ಜನ ಏರಿ ಬರುತ್ತಲೇ ಇರುತ್ತಾರೆ. ನೀನು ಅಲುಗದಿದ್ದರೂ ಎರಡು ಸುತ್ತಿನಲ್ಲಿ ಮೂವತ್ತನೆಯವನಾಗಿರುತ್ತೀಯ. ಗಟ್ಟಿ ಸವಾರರು ಇದಕ್ಕಾಗಿ ಹೆಚ್ಚು ತುಳಿಯುವುದಿಲ್ಲ. ಮೂಲೆಗೆ ಮುಂಚೆ ಎಲ್ಲರೂ ಬ್ರೇಕ್ ಹಿಡಿಯುವ ಆ ಅರೆಗಳಿಗೆಯಲ್ಲಿ ಬ್ರೇಕ್ ಹಿಡಿಯದೆ ಎರಡು ಜಾಗ ಮೇಲೆ ಸರಿಯುತ್ತಾರೆ.

ಈ ಅರೆಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಕೈ ಹ್ಯಾಂಡಲ್ಲಿನ ಕೆಳಭಾಗದಲ್ಲಿ, ಮೊಣಕೈ ಸಡಿಲ. ಬ್ರೇಕ್ ಏನಿದ್ದರೂ ತಿರುವಿಗೆ ಮುಂಚೆ. ಒಳಗಿನ ಪೆಡಲ್ ಮೇಲೆ, ಹೊರಗಿನ ಪೆಡಲ್ ಕೆಳಗೆ, ಮೈಭಾರವೆಲ್ಲ ಹೊರಗಿನ ಪಾದದ ಮೇಲೆ. ಕಣ್ಣು ಮುಂದಿನವನ ಗಾಲಿಯ ಮೇಲಿರುವುದಿಲ್ಲ, ಆಗಲೇ ತಿರುವಿನ ಆಚೆ ಹೋಗಿರುತ್ತದೆ. ಅಗಲದಿಂದ ಬಂದು ಒಳಮೂಲೆ ಸವರಿ ಮತ್ತೆ ಅಗಲಕ್ಕೆ ಬಿಡುವ ಗೆರೆ. ಪೆಡಲ್ ತುಳಿತ ನಿಂತಾಗ ಮೂವತ್ತು ಹಿಂಗಾಲಿಗಳು ಒಟ್ಟಿಗೆ ಟರ್ರ್ ಎನ್ನುತ್ತವೆ, ತಿರುವು ದಾಟಿದ ತಕ್ಷಣ ಅಷ್ಟೂ ಜನ ಎದ್ದು ನಿಂತು ತುಳಿಯುವಾಗ ಆ ಸದ್ದು ಕತ್ತರಿಸಿದ ಹಾಗೆ ನಿಲ್ಲುತ್ತದೆ. ತಿರುಗುವಾಗಲೇ ಒಳಪೆಡಲ್ ತುಳಿದವನದ್ದು ನೆಲಕ್ಕೆ ತಾಗಿ ಕಿಡಿ ಹಾರುತ್ತದೆ. ಅವನ ಹಿಂದಿರುವವರು ಆ ಕ್ಷಣವೇ ಬೇರೆ ಚಕ್ರ ಹುಡುಕಿಕೊಳ್ಳುತ್ತಾರೆ.

ನಡುನಡುವೆ ಗಂಟೆ ಬಾರಿಸಿದರೆ ಪ್ರೀಮ್: ಆ ಸುತ್ತನ್ನು ಮೊದಲು ಮುಗಿಸಿದವನಿಗೆ ಅಲ್ಲೇ ಬಹುಮಾನ. ಇದು ನಮಗೆ ಅಪರಿಚಿತವೇನಲ್ಲ. ಹಿಂದೆಲ್ಲ ಊರಿಗೆ ಬರುತ್ತಿದ್ದ ಸೈಕಲ್ ಸರ್ಕಸ್ಸಿನವನು ಶಾಲೆ ಬಯಲಿನಲ್ಲಿ ಹಗಲೂ ರಾತ್ರಿ ಕೆಳಗಿಳಿಯದೆ ಸುತ್ತು ಹೊಡೆಯುವಾಗ ಗೌಡರು ಮೆಚ್ಚಿ ಅಂಗಿಗೆ ನೋಟು ಪಿನ್ನು ಮಾಡುತ್ತಿರಲಿಲ್ಲವೇ? ಕ್ರಿಟೇರಿಯಂನಲ್ಲಿ ಆ ನೋಟಿಗಾಗಿ ಏಳೆಂಟು ಜನ ಜೀವ ಬಿಟ್ಟು ತುಳಿಯುತ್ತಾರೆ, ಗೆರೆ ದಾಟಿ ಉಸಿರು ಬಿಡುತ್ತಾ ನಿಧಾನ ಆಗುತ್ತಾರೆ. ಜಾಣ ಹೊರಡುವುದು ಆಗಲೇ. ಬಹುಮಾನಕ್ಕೆ ಕೈಹಾಕದೆ ಹತ್ತನೆಯ ಚಕ್ರದಲ್ಲಿ ಕೂತಿದ್ದವನು ಬದಿಯಿಂದ ಸದ್ದಿಲ್ಲದೆ ಹಾಯ್ದು ಹೋಗುತ್ತಾನೆ. ಜೊತೆಗೆ ಇನ್ನಿಬ್ಬರು ಸೇರಿದರೆ ಆ ಮೂವರಿಗೆ ಪ್ರತಿ ಮೂಲೆಯೂ ಲಾಭ, ಹಿಂದಿನ ಗುಂಪಿಗೆ ಪ್ರತಿ ಮೂಲೆಯೂ ನಷ್ಟ. ಹೋದವನ ಗೆಳೆಯರು ಗುಂಪಿನ ಮುಂದೆ ಬಂದು ತಿರುವುಗಳನ್ನು ಬೇಕೆಂದೇ ಚೂರು ನಿಧಾನವಾಗಿ ತೆಗೆದುಕೊಂಡರೆ ಕೆಲಸ ಮುಗಿಯಿತು. ಇದು ಮೋಸವಲ್ಲವೇ ಎಂದು ಹೊಸಬರು ಕೇಳುತ್ತಾರೆ. ಯಾರನ್ನೂ ತಳ್ಳದಿದ್ದರೆ, ಗೆರೆ ತಪ್ಪಿಸಿ ಅಡ್ಡ ಹಾಯದಿದ್ದರೆ ಮೋಸವಲ್ಲ.

ನಮ್ಮ ರಾಜ್ಯದ ಸೈಕ್ಲಿಂಗಿಗೆ ವಿಜಯಪುರ, ಬಾಗಲಕೋಟೆ ತವರು. ವಿಜಯಪುರದ ಕ್ರೀಡಾ ವಸತಿನಿಲಯ, ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆ, ಇಲ್ಲೆಲ್ಲ ಹಳ್ಳಿ ಮಕ್ಕಳು ಹೆದ್ದಾರಿಯಲ್ಲೇ ಬೆಳೆದು ರಾಷ್ಟ್ರೀಯ ಪದಕ ತಂದಿದ್ದಾರೆ. ಅವರ ತೊಡೆಗೆ ನಾನು ಕೈ ಮುಗಿಯುತ್ತೇನೆ. ಆದರೆ ನೆಟ್ಟಗಿನ ಹೆದ್ದಾರಿ ಮೂಲೆಯನ್ನು ಕಲಿಸುವುದಿಲ್ಲ. ಬೆಂಗಳೂರಿನ ನವೀನ್ ಜಾನ್ ಅಮೆರಿಕದಲ್ಲಿ ಓದುವಾಗ ಸೈಕಲ್ ಓಟಕ್ಕೆ ಬಿದ್ದವರು. 2014ರಲ್ಲಿ ರಾಷ್ಟ್ರೀಯ ಟೈಮ್ ಟ್ರಯಲ್ ಗೆದ್ದರು. ಒಬ್ಬರೇ ಗಡಿಯಾರದ ಎದುರು ತುಳಿಯುವುದರಲ್ಲಿ ದೇಶಕ್ಕೇ ಮೊದಲಿಗರಾದ ಮೇಲೂ ಅವರು ಬೆಲ್ಜಿಯಮ್ಮಿಗೆ ಹೋಗಿ ಅಲ್ಲಿನ ಊರಹಬ್ಬದ ಓಟಗಳಲ್ಲಿ, ಕೆರ್ಮೆಸ್ ಎನ್ನುತ್ತಾರೆ, ಗುಂಪಿನೊಳಗೆ ಜಾಗ ಹಿಡಿಯುವುದನ್ನು ಕಲಿಯಲು ನಿಂತರು. ಅಲ್ಲಿಯೂ ಊರ ಸುತ್ತಲೇ ತಿರುಗುವುದು, ಚರ್ಚಿನ ಮುಂದೆ ಮುಗಿಯುವುದು, ಜನ ಬಾಗಿಲಲ್ಲೇ ಕುರ್ಚಿ ಹಾಕಿ ಕೂರುವುದು.

ಅಮೆರಿಕದ ನ್ಯೂಜೆರ್ಸಿಯ ಸೋಮರ್‌ವಿಲ್ ಕೂಡ ದೊಡ್ಡ ಶಹರವಲ್ಲ. 1940ರಲ್ಲಿ ಅಲ್ಲಿನ ಸೈಕಲ್ ಅಂಗಡಿಯ ಫ್ರೆಡ್ ಕೂಗ್ಲರ್ ಶುರು ಮಾಡಿದ ಕ್ರಿಟೇರಿಯಂಗೆ ಆ ದೇಶದಲ್ಲಿ ಇಂದಿಗೂ ದೊಡ್ಡ ಹೆಸರು. ಮೊದಲ ಎರಡು ವರ್ಷ ಗೆದ್ದವನು ಅವನ ಮಗನೇ.

ಹಿರೇಕೆರೂರು ತಾಲ್ಲೂಕಿನ ಯಾವ ಊರಿಗಾದರೂ ಕ್ರಿಟೇರಿಯಂ ಒಗ್ಗುತ್ತದೆ. ದಿನ ಮಾತ್ರ ನೋಡಿ ಇಡಬೇಕು. ಸುಗ್ಗಿಯಲ್ಲಿ ಅರ್ಧ ರಸ್ತೆ ಗೋವಿನಜೋಳಕ್ಕೆ ಮೀಸಲು. ಒಣಹಾಕಿದ ಕಾಳು ತಿರುವಿನಲ್ಲಿ ನಾಲ್ಕು ಉಳಿದಿದ್ದರೂ ಸಣ್ಣ ಟೈರು ಬೇರಿಂಗ್ ಗುಂಡಿನ ಮೇಲೆ ಓಡಿದಂತೆ ಜಾರುತ್ತದೆ. ರಾಶಿ ಎತ್ತಿದ ಮೇಲೆ, ಜನವರಿಯ ಒಂದು ಭಾನುವಾರ ಬೆಳಿಗ್ಗೆ ಎರಡು ತಾಸು ಬಸ್ಸು ಬೇರೆ ದಾರಿ ಹಿಡಿದರೆ ಸಾಕು. ಮೂಲೆಯ ಕಂಬಗಳಿಗೆ ಕಟ್ಟಲು ಹಾನಗಲ್ಲ ಕಡೆಯಿಂದ ಭತ್ತದ ಹುಲ್ಲಿನ ಪೆಂಡಿ, ಕಸ ಗುಡಿಸಲು ಪಂಚಾಯ್ತಿಯವರು, ಪ್ರೀಮಿಗೆ ಶಾಲೆಯ ಗಂಟೆ. ಪಂಕ್ಚರ್ ಆದವನು ಒಂದು ಸುತ್ತು ಬಿಟ್ಟು ಅದೇ ಗುಂಪಿಗೆ ಸೇರಬಹುದು ಎಂಬ ನಿಯಮವನ್ನು ಮೈಕಿನಲ್ಲಿ ಮೊದಲೇ ಸಾರಿ ಹೇಳಬೇಕು, ಇಲ್ಲದಿದ್ದರೆ ಜಗಳ ಖಾತ್ರಿ. ಒಂದು ಸುತ್ತು ಹಿಂದೆ ಬಿದ್ದವರನ್ನು ಇಳಿಸಲು ಗಟ್ಟಿ ಗಂಟಲಿನ ಪಿ.ಟಿ. ಮೇಷ್ಟ್ರು ಒಬ್ಬರು ಬೇಕು. ನೋಡುವವರು ಗೆಲುವಿನ ಗೆರೆಯ ಹತ್ತಿರ ಮುಗಿಬೀಳದೆ ಕೊನೆಯ ಮೂಲೆಗೆ ಬನ್ನಿ. ಕೊನೆಯ ಸುತ್ತಿನಲ್ಲಿ ಅಲ್ಲಿಂದ ಮೊದಲು ಹೊರಬರುವ ಮೂವರ ಒಳಗೇ ಗೆಲ್ಲುವವನು ಇರುತ್ತಾನೆ. ನಾನಾದರೆ ಎರಡನೆಯವನ ಮೇಲೆ ಚಹಾದ ಪಣ ಕಟ್ಟುತ್ತೇನೆ.