ಬಿರುಕುಗಳ ಚರಿತ್ರೆ

ಯಂತ್ರಶಾಸ್ತ್ರದ ಗ್ರಂಥವೊಂದನ್ನು ಇತಿಹಾಸದ ಅಧ್ಯಾಪಕನು ವಿಮರ್ಶಿಸಹೊರಡುವುದು ಅಧಿಕಪ್ರಸಂಗವೆನಿಸಬಹುದು. ಆದರೂ, ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ವಿಮಾನ-ವ್ಯೋಮಯಾನ ಎಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕರೆಂದು ಹೆಸರಾದ ರಮೇಶ್ ತಲ್ರೇಜಾ ಅವರು ಚಂದ್ರವೀರ್ ಸಿಂಗ್ ಅವರೊಡನೆ ರಚಿಸಿದ, ಸಂಯುಕ್ತ ವಸ್ತುಗಳ ಹಾನಿ ಮತ್ತು ವೈಫಲ್ಯಗಳನ್ನು ಕುರಿತ ಗ್ರಂಥವನ್ನು (ಕೇಂಬ್ರಿಜ್, 2012) ಓದುವಾಗ ನಮ್ಮ ಶಾಸ್ತ್ರದ ಹಳೆಯ ತೊಡಕೇ ಅಲ್ಲಿ ಬೇರೆ ವೇಷದಲ್ಲಿ ಎದುರಾಯಿತು. ನಡೆದುದೆಲ್ಲವನ್ನೂ ಒಂದು ಮೊತ್ತವಾಗಿ ಕೂಡಿಸಿದರೆ ಉಳಿಯುವುದೇನು, ಅಳಿಯುವುದೇನು ಎಂಬುದೇ ಆ ತೊಡಕು.

ಇಂಗಾಲದ ನಾರುಗಳನ್ನು ರಾಳದಲ್ಲಿ ಬಂಧಿಸಿ, ಪದರದ ಮೇಲೆ ಪದರವನ್ನು ಬೇರೆ ಬೇರೆ ದಿಕ್ಕಿಗಿರಿಸಿ ಇಂತಹ ಫಲಕಗಳನ್ನು ಸಿದ್ಧಗೊಳಿಸುತ್ತಾರೆ. ಲೋಹದ ತಗಡಿನಲ್ಲಿ ಒಂದೇ ಬಿರುಕು ಬೆಳೆದು ನಾಶಕ್ಕೆ ಕಾರಣವಾಗುವುದುಂಟು. ಇಲ್ಲಿ ಹಾಗಲ್ಲ. ಎಳೆತಕ್ಕೆ ಅಡ್ಡಲಾಗಿ ನಾರುಗಳಿರುವ ಪದರದಲ್ಲಿ ಮೊದಲ ಬಿರುಕು ಮೂಡುತ್ತದೆ. ನೆರೆಯ ಪದರಗಳು ಅದನ್ನು ತಡೆದು ನಿಲ್ಲಿಸುವುದರಿಂದ ಅದರ ಪಕ್ಕದಲ್ಲಿ ಇನ್ನೊಂದು, ಮತ್ತೊಂದು, ಹೀಗೆ ಸಾಲುಸಾಲಾಗಿ ಹುಟ್ಟುತ್ತವೆ. ಆಮೇಲೆ ಪದರಗಳು ಒಂದರಿಂದೊಂದು ಬಿಡುತ್ತವೆ. ಕಡೆಗೆ ನಾರುಗಳು ಹರಿಯುತ್ತವೆ. ಫಲಕ ಮುರಿಯುವುದಕ್ಕೆ ಬಹಳ ಮೊದಲೇ ಅದರ ಬಿಗಿತ ಕುಂದಿರುತ್ತದೆ.

ಲೋಹಗಳು ದೀರ್ಘಕಾಲದ ಭಾರಕ್ಕೆ ಸಿಲುಕಿ ಮುರಿಯುವುದನ್ನು ವಿವೇಚಿಸುತ್ತ, ಸೋವಿಯತ್ ವಿಜ್ಞಾನಿ ಕಚಾನೊವ್ ಅವರು 1958ರಲ್ಲಿ ವಸ್ತುವಿನ ಅಖಂಡತೆಯನ್ನು ಒಂದೇ ಸಂಖ್ಯೆಯಿಂದ ಸೂಚಿಸಿದರು: ಕೆಡದ ವಸ್ತುವಿಗೆ 1, ಪೂರ್ತಿ ಕೆಟ್ಟುದಕ್ಕೆ 0. ಈ ಸರಳತೆ ಮೆಚ್ಚತಕ್ಕದ್ದೇ. ಆದರೆ ಪದರಗಳ ಫಲಕದಲ್ಲಿ ಒಂದು ದಿಕ್ಕಿನ ಬಿಗಿತ ಕುಗ್ಗಿದಾಗ ಇನ್ನೊಂದು ದಿಕ್ಕಿನದು ಬಹುಮಟ್ಟಿಗೆ ಹಾಗೆಯೇ ಉಳಿದಿರಬಹುದು. ಅದನ್ನು ಒಂದೇ ಅಂಕಿಯಲ್ಲಿ ಹೇಳುವುದು, ಒಬ್ಬ ಅರಸನ ಆಳ್ವಿಕೆಯನ್ನು ಕಂದಾಯದ ಮೊತ್ತದಿಂದ ಮಾತ್ರ ಅಳೆದಂತೆ. ತಲ್ರೇಜಾ ಅವರು 1985ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದ ಹಿರಿಮೆಯಿರುವುದು ಹಾನಿಗೆ ಪರಿಮಾಣದೊಡನೆ ದಿಕ್ಕನ್ನೂ ಕೊಟ್ಟುದರಲ್ಲಿ. ಮುಂದೆ ಅವರು, ಒಂದೊಂದು ಬಿರುಕೂ ಎಷ್ಟು ತೆರೆದುಕೊಳ್ಳುವುದೆಂಬ ಸೂಕ್ಷ್ಮ ಲೆಕ್ಕವನ್ನು ಇಡೀ ಫಲಕದ ಸ್ಥೂಲ ವರ್ಣನೆಯೊಡನೆ ಕೂಡಿಸಿದರು. ಇದರಿಂದ ಪದರಗಳ ಒಂದು ಜೋಡಣೆಯಲ್ಲಿ ಅಳೆದು ಪಡೆದ ಸ್ಥಿರಾಂಕಗಳನ್ನು ಬೇರೆ ಜೋಡಣೆಗಳಿಗೂ ಅನ್ವಯಿಸುವ ದಾರಿ ತೆರೆಯಿತು. ಗ್ರಂಥದ ತಿರುಳು ಇದೇ; ಉಳಿದುದರಲ್ಲಿ ಕೆಲವು ಭಾಗ ತಿಳಿದ ಮಾತಿನ ಸಂಗ್ರಹ.

ನನ್ನ ಆಕ್ಷೇಪ ಒಂದುಂಟು. ಈ ಚರಿತ್ರೆ ಬಹುಮಟ್ಟಿಗೆ ದೋಷವಿಲ್ಲದ ಆದರ್ಶ ಫಲಕದಿಂದ ಮೊದಲಾಗುತ್ತದೆ. ನಿಜವಾದ ಫಲಕವಾದರೋ, ಬಿಸಿ ಮತ್ತು ಒತ್ತಡದಲ್ಲಿ ಗಟ್ಟಿಗೊಳಿಸಿ ಹೊರತೆಗೆಯುವಾಗಲೇ ಗಾಳಿಗುಳ್ಳೆಗಳನ್ನೂ ಸೊಟ್ಟಗಾದ ನಾರುಗಳನ್ನೂ ಒಳಗೊಂಡಿರಬಹುದು. ಲೇಖಕರು ಇದನ್ನು ಮರೆತಿಲ್ಲ. ಆದರೆ ಮುಂದಿನ ಕಾರ್ಯವೆಂದು ಕೊನೆಯ ಅಧ್ಯಾಯಕ್ಕೆ ಕಳುಹಿಸಿದ್ದಾರೆ. ವಂಶಾವಳಿಯನ್ನು ಬಿಟ್ಟು ಪಟ್ಟಾಭಿಷೇಕದಿಂದಲೇ ಕಥೆ ಆರಂಭಿಸಿದಂತಾಯಿತು. ಇದು ಕೇವಲ ಅಧ್ಯಾಯಕ್ರಮದ ಮಾತೆಂದು ತಳ್ಳಿಹಾಕುವಂತಿಲ್ಲ. ಹಿಂಟನ್, ಕದ್ದೂರ್, ಸೋಡೆನ್ ಅವರು 2004ರಲ್ಲಿ ಗ್ರಂಥರೂಪದಲ್ಲಿ ತಂದ ಜಾಗತಿಕ ಪರೀಕ್ಷೆಯಲ್ಲಿ 19 ಸಿದ್ಧಾಂತಗಳನ್ನು ಪ್ರಯೋಗಫಲಗಳೊಡನೆ ಹೋಲಿಸಿದಾಗ, ಅವುಗಳಲ್ಲಿ ಅನೇಕವು ಪ್ರಯೋಗಕ್ಕೂ ಹೊಂದಲಿಲ್ಲ, ಒಂದಕ್ಕೊಂದೂ ಹೊಂದಲಿಲ್ಲ. ಇತ್ತ, ರಚನೆಯ ತೂಕದಲ್ಲಿ ಸುಮಾರು ಅರ್ಧದಷ್ಟು ಸಂಯುಕ್ತ ವಸ್ತುವೇ ಆಗಿರುವ ಬೋಯಿಂಗ್ 787 ವಿಮಾನವು 2011ರಿಂದ ಪ್ರಯಾಣಿಕರನ್ನು ಹೊತ್ತು ಹಾರುತ್ತಿದೆ.

ಗಣಿತಕ್ಕೆ ಅಂಜುವ ವಾಚಕರು ಹಾನಿಯ ಬಗೆಗಳನ್ನು ವರ್ಣಿಸುವ ಅಧ್ಯಾಯವನ್ನಾದರೂ ಓದಬಹುದು. ನಾನು ಅದನ್ನು ಎರಡು ಸಲ ಓದಿದೆನು.